ಇಲಿಯಡ್‌ನಲ್ಲಿ ಮರದ ಕುದುರೆ ಯಾಕಿಲ್ಲ?

ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್ ಪೂರ್ತಿ ಓದಿದರೂ, ಗ್ರೀಕರು ಒಳಗೆ ಅಡಗಿ ಟ್ರಾಯ್ ನಗರ ಹೊಕ್ಕ ಮರದ ಕುದುರೆ ಸಿಗಲಿಲ್ಲ, ಗ್ರೀಕ್ ವೀರ ಅಕಿಲೀಸ್‌ನ ಹಿಮ್ಮಡಿ ಕಥೆಯೂ ಇಲ್ಲ, ಅನುವಾದದಲ್ಲಿ ಬಿಟ್ಟಿದ್ದಾರಾ ಅಂತ ಕೇಳಿದ್ದೀರಿ. ಇಲ್ಲ, ನಿಮ್ಮ ಪುಸ್ತಕ ಸರಿಯಾಗೇ ಇದೆ. ಹತ್ತು ವರ್ಷದ ಟ್ರಾಯ್ ಯುದ್ಧದಲ್ಲಿ ಇಲಿಯಡ್ ಹೇಳುವುದು ಕೊನೆಯ ವರ್ಷದ ಕೆಲವೇ ವಾರಗಳ ಕಥೆ. 24ನೇ ಭಾಗದಲ್ಲಿ ಟ್ರಾಯ್‌ನ ರಾಜಕುಮಾರ ಹೆಕ್ಟರ್‌ನ ಅಂತ್ಯಕ್ರಿಯೆಗೆ ಮುಗಿದುಹೋಗುತ್ತದೆ. ಆಗಿನ್ನೂ ಅಕಿಲೀಸ್ ಬದುಕಿದ್ದಾನೆ, ಟ್ರಾಯ್ ಬಿದ್ದಿಲ್ಲ.

ಕುದುರೆ ಬೇಕಾದ್ರೆ ಹೋಮರನದೇ ಇನ್ನೊಂದು ಕಾವ್ಯ ಒಡಿಸ್ಸಿ ತೆಗೆಯಿರಿ. 8ನೇ ಭಾಗದಲ್ಲಿ ಕುರುಡು ಗಾಯಕ ಡೆಮೊಡೊಕಸ್ ಅದನ್ನು ಹಾಡುತ್ತಾನೆ. ನನಗೆ ಜಾಸ್ತಿ ಇಷ್ಟ 4ನೇ ಭಾಗದ್ದು. ಯಾರಿಗಾಗಿ ಈ ಯುದ್ಧ ನಡೆಯಿತೋ ಆ ಹೆಲೆನ್ ಕುದುರೆಗೆ ಮೂರು ಸುತ್ತು ಬರುತ್ತಾಳೆ, ಮುಟ್ಟಿ ನೋಡುತ್ತಾಳೆ, ಒಳಗಿರುವವರ ಹೆಸರು ಹಿಡಿದು ಅವರವರ ಹೆಂಡತಿಯ ದನಿಯಲ್ಲೇ ಕರೆಯುತ್ತಾಳೆ! ಆಂಟಿಕ್ಲಸ್ ಇನ್ನೇನು ಓಗೊಡಬೇಕು, ಒಡಿಸ್ಯೂಸ್ ಅವನ ಬಾಯಿ ಅದುಮಿ ಹಿಡಿಯುತ್ತಾನೆ. ಅವಳು ನಿಜಕ್ಕೂ ಯಾರ ಕಡೆ ಇದ್ದಳೋ, ತಲೆ ಕೆಡುತ್ತೆ ಅಲ್ವಾ?

ಅಕಿಲೀಸ್‌ಗೆ ಹಿಮ್ಮಡಿ ಬಿಟ್ಟು ಮೈಯಲ್ಲಿ ಬೇರೆಲ್ಲೂ ಗಾಯವಾಗದು ಎಂಬ ಹಿಮ್ಮಡಿ ಕಥೆ ತುಂಬಾ ಈಚಿನದು. ತಾಯಿ ಥೆಟಿಸ್ ಮಗುವನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದಳು ಎಂಬುದು ನಮಗೆ ಸಿಗುವುದು ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಹೋಮರನ ಅಕಿಲೀಸ್‌ಗೆ ಅಂಥ ರಕ್ಷಣೆ ಏನೂ ಇಲ್ಲ. 21ನೇ ಭಾಗ ಮತ್ತೆ ನೋಡಿ: ಆಸ್ಟೆರೊಪಿಯಸ್‌ನ ಈಟಿ ಅವನ ಬಲಗೈ ಸವರಿ ರಕ್ತ ಚಿಮ್ಮುತ್ತದೆ.