ನೀವು ‘ಅನಗತ್ಯ’ ಎಂದು ಗುರುತು ಹಾಕಿದ ಸಾಲಿನ ಬಗ್ಗೆ

ಪ್ರಿಯ ಮೇಷ್ಟ್ರೇ,

‘ತರಗತಿಯಲ್ಲಿ ವಿಜ್ಞಾನ ಕಥೆ ಬರೆಸುವುದು ಹೇಗೆ’ ಎಂಬ ನಿಮ್ಮ ಲೇಖನವನ್ನೂ ಜೊತೆಗಿಟ್ಟ ಮೂರು ವಿದ್ಯಾರ್ಥಿ ಕಥೆಗಳನ್ನೂ ಓದಿದೆವು. ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲಾಗದು. ನಿಮ್ಮ ಭಾಷೆ ಚೆನ್ನಾಗಿದೆ, ತೊಡಕಿರುವುದು ವಿಧಾನದಲ್ಲಿ. ಒಂದು ವಿಜ್ಞಾನ ಸುದ್ದಿ ಓದಿಸಿ ‘ಇನ್ನು ಐವತ್ತು ವರ್ಷಕ್ಕೆ ಏನಾಗಬಹುದು, ಬರೆಯಿರಿ’ ಅಂದರೆ ಮಕ್ಕಳು ಪ್ರಬಂಧ ಬರೆದು ಅದಕ್ಕೆ ಎರಡು ಹೆಸರು ಅಂಟಿಸುತ್ತಾರೆ. ಸುದ್ದಿಯಲ್ಲಿ ಸಿಗುವುದು ಏನು ಸಾಧ್ಯವಾಯಿತು ಎಂಬ ವಿವರ. ಕಥೆಗೆ ಬೇಕಾದದ್ದು ಏನು ಇನ್ನೂ ಆಗುತ್ತಿಲ್ಲ, ಅದರ ಭಾರ ಯಾರ ತಲೆಯ ಮೇಲೆ ಬಿತ್ತು ಎಂಬುದು.

ನಿಮ್ಮ ಮೊದಲನೆಯ ಮಾದರಿ ಕಥೆಯನ್ನೇ ನೋಡಿ. ವಿಜ್ಞಾನಿಗಳು ಆಕಾಶಕ್ಕೆ ಕಣಗಳನ್ನು ಸಿಂಪಡಿಸುತ್ತಾರೆ, ಭೂಮಿ ಒಂದೇ ದಿನದಲ್ಲಿ ತಂಪಾಗುತ್ತದೆ, ಎಲ್ಲರೂ ಸಂತೋಷಪಡುತ್ತಾರೆ. ‘ಒಂದೇ ದಿನ’ ಎಂಬುದನ್ನು ಬಿಟ್ಟರೆ ಈ ಕಲ್ಪನೆಗೆ ಗಟ್ಟಿ ಆಧಾರವಿದೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಒಂದೂವರೆ ಕೋಟಿ ಟನ್ನಿನಷ್ಟು ಸಲ್ಫರ್ ಡೈಆಕ್ಸೈಡನ್ನು ಮೋಡಗಳಿಗಿಂತ ಮೇಲಿನ ಪದರಕ್ಕೆ ಉಗುಳಿತು. ಆ ಅನಿಲದಿಂದ ಉಂಟಾದ ಸೂಕ್ಷ್ಮ ಕಣಗಳು ಬಿಸಿಲನ್ನು ತಡೆದು, ಭೂಮಿಯ ಸರಾಸರಿ ಉಷ್ಣತೆ ಸುಮಾರು 0.5 ಡಿಗ್ರಿ ಸೆಲ್ಸಿಯಸ್ ಇಳಿಯಿತು. ಆದರೆ ಆ ಕಣಗಳು ಒಂದೆರಡು ವರ್ಷದಲ್ಲಿ ಕೆಳಗಿಳಿದು ಹೋದವು. ಅಂದರೆ ಇದನ್ನು ಮನುಷ್ಯರು ಮಾಡಲು ಹೊರಟರೆ ಸಿಂಪಡಿಸುತ್ತಲೇ ಇರಬೇಕು. ನಿಲ್ಲಿಸಿದರೆ ತಡೆಹಿಡಿದಿದ್ದ ಬಿಸಿ ಕೆಲವೇ ವರ್ಷಗಳಲ್ಲಿ ಒಟ್ಟಿಗೆ ಮರಳುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲೇ ಉಳಿದಿರುವುದರಿಂದ ಸಮುದ್ರದ ಆಮ್ಲೀಯತೆ ಏರುವುದು ನಿಲ್ಲುವುದಿಲ್ಲ. ಮಳೆಯ ಹಂಚಿಕೆ ಬದಲಾಗಬಹುದು. ಆಕಾಶ ಕೊಂಚ ಬಿಳಿಚಿಕೊಳ್ಳುತ್ತದೆ.

ಈಗ ಅದೇ ಕಥೆಯ ಮೂರನೆಯ ಪ್ಯಾರಾಕ್ಕೆ ಬನ್ನಿ. ಅಕ್ಕ ಚಿತ್ರದಲ್ಲಿ ಆಕಾಶಕ್ಕೆ ನೀಲಿ ತುಂಬುತ್ತಾಳೆ. ‘ಆಕಾಶ ಯಾವಾಗ ನೀಲಿ ಇತ್ತು?’ ಎಂದು ತಂಗಿ ಕೇಳುತ್ತಾಳೆ. ನೀವು ಕೆಂಪು ಶಾಯಿಯಲ್ಲಿ ‘ಅನಗತ್ಯ’ ಎಂದು ಬರೆದಿದ್ದೀರಿ. ಮೇಷ್ಟ್ರೇ, ಇಡೀ ಹಸ್ತಪ್ರತಿಯಲ್ಲಿ ಕಥೆ ಅಂತ ಇರುವುದು ಅಲ್ಲೇ. ಆ ಮಗು ವಿಜ್ಞಾನವನ್ನು ಅರ್ಥ ಮಾಡಿಕೊಂಡಿದೆ, ಅದನ್ನು ಒಂದು ಮನೆಯೊಳಗೆ ತಂದು ಕೂರಿಸಿದೆ. ದಯವಿಟ್ಟು ಆ ಗುರುತನ್ನು ತೆಗೆದು, ಕಥೆಯನ್ನು ಅಲ್ಲಿಂದಲೇ ಶುರುಮಾಡಲು ಹೇಳಿ.

ಎರಡನೆಯ ಕಥೆಯಲ್ಲಿ ಒಂದು ಚುಚ್ಚುಮದ್ದಿಗೆ ಸಂಜೆಯೊಳಗೆ ಜೀನು ಬದಲಾಗಿ ರೋಗ ಮಾಯವಾಗುತ್ತದೆ. ನಿಜದಲ್ಲಿ, ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕ ಕ್ರಿಸ್ಪರ್ (ಜೀನು ತಿದ್ದುವ ತಂತ್ರ) ಚಿಕಿತ್ಸೆಯ ದಾರಿ ಉದ್ದದ್ದು: ರಕ್ತದ ಮೂಲಕೋಶಗಳನ್ನು ಹೊರತೆಗೆಯಬೇಕು, ಪ್ರಯೋಗಾಲಯದಲ್ಲಿ ತಿದ್ದಬೇಕು, ಕೀಮೋಥೆರಪಿಯಿಂದ ಅಸ್ಥಿಮಜ್ಜೆಯನ್ನು ಖಾಲಿ ಮಾಡಬೇಕು, ಆಮೇಲೆ ಅವನ್ನು ದೇಹಕ್ಕೆ ಮರಳಿಸಿ ವಾರಗಟ್ಟಲೆ ಆಸ್ಪತ್ರೆಯಲ್ಲಿ ಕಾಯಬೇಕು. ಆ ಕಾಯುವಿಕೆಯನ್ನು ಬರೆಸಿ. ಮೂರನೆಯದರಲ್ಲಿ ಮಂಗಳ ಗ್ರಹದಿಂದ ಅಪ್ಪ ಫೋನಿನಲ್ಲಿ ಥಟ್ಟನೆ ಉತ್ತರಿಸುತ್ತಾನೆ. ನಿಜದಲ್ಲಿ ಅಲ್ಲಿಂದ ಭೂಮಿಗೆ ಸಂಕೇತ ಒಂದು ಕಡೆಗೆ ತಲುಪಲು 3ರಿಂದ 22 ನಿಮಿಷ ಹಿಡಿಯುತ್ತದೆ. ಜಗಳದ ನಡುವೆ ಅಷ್ಟು ಹೊತ್ತು ಮೌನವಿದ್ದರೆ ಏನಾಗುತ್ತದೆ ಎಂದು ಕೇಳಿ ನೋಡಿ.

ವಿಧಾನವನ್ನು ನಾಲ್ಕು ಪೀರಿಯಡ್ಡಿಗೆ ಹೀಗೆ ಹೊಂದಿಸಿಕೊಳ್ಳಬಹುದು. ಮೊದಲ ದಿನ ಒಂದೇ ವರದಿ, ಪ್ರತಿಯೊಬ್ಬರೂ ಮೂರು ಸಾಲು: ಏನು ಸಾಧ್ಯ, ಏನು ಇನ್ನೂ ಅಸಾಧ್ಯ, ಯಾರಿಗೆ ತೊಂದರೆ. ಎರಡನೆಯ ದಿನ ಒಂದೇ ಒಂದು ಕಲ್ಪಿತ ಬದಲಾವಣೆ, ಅದರಿಂದ ಏನಾಗುತ್ತದೆ ಏನಾಗದು ಎಂಬ ಐದು ನಿಯಮ. ಎರಡು ಹೊಸ ಯಂತ್ರ ಬಂದರೆ ಒಂದರ ತೊಡಕನ್ನು ಇನ್ನೊಂದು ನುಂಗಿಬಿಡುತ್ತದೆ, ಅದಕ್ಕೇ ಈ ಕಟ್ಟುನಿಟ್ಟು. ಮೂರನೆಯ ದಿನ 300 ಪದ ಮೀರದ ಒಂದು ದೃಶ್ಯ: ಒಂದು ಜಾಗ, ಇಬ್ಬರು, ಅವರಲ್ಲೊಬ್ಬರಿಗೆ ಬೇಕಾದದ್ದನ್ನು ಆ ನಿಯಮಗಳಲ್ಲೊಂದು ಕೊಡಲೊಲ್ಲದು. ನಾಲ್ಕನೆಯ ದಿನ ಹಾಳೆ ಅದಲುಬದಲು. ಇಬ್ಬರಿಗೂ ಗೊತ್ತಿರುವುದನ್ನು ಓದುಗನಿಗಾಗಿ ಒಬ್ಬರಿಗೊಬ್ಬರು ವಿವರಿಸುವ ಮಾತುಗಳ ಕೆಳಗೆ ಪಕ್ಕದವರು ಗೆರೆ ಎಳೆಯಲಿ. ಬರೆದವರು ಅದನ್ನು ಮಾತಿನ ಬದಲು ದೃಶ್ಯದಲ್ಲಿರುವ ಒಂದು ವಸ್ತುವಿನಿಂದಲೋ ಪಾತ್ರ ಮಾಡುವ ಒಂದು ಕೆಲಸದಿಂದಲೋ ತೋರಿಸಲಿ. ‘ಎಲ್ಲವೂ ಕನಸು’ ಎಂದು ಮುಗಿಸುವುದು ಬೇಡವೆಂದು ಮೊದಲೇ ಹೇಳಿಬಿಡಿ.

ಅಂಕ ಹಂಚಿಕೆಯನ್ನೂ ಬದಲಿಸಲೇಬೇಕು. 25ರಲ್ಲಿ 15 ಅಂಕ ‘ವೈಜ್ಞಾನಿಕ ಮಾಹಿತಿ’ಗೆ ಇಟ್ಟಿದ್ದೀರಿ, ಮಕ್ಕಳು ಮಾಹಿತಿಯನ್ನೇ ಸುರಿಯುತ್ತಾರೆ, ಅದು ಅವರ ತಪ್ಪಲ್ಲ. ತಾವೇ ಮಾಡಿದ ನಿಯಮಕ್ಕೆ ಕೊನೆಯವರೆಗೂ ಬದ್ಧರಾಗಿದ್ದರೆ 10, ದೃಶ್ಯಕ್ಕೆ 8, ಭಾಷೆಗೆ 4, ಯಾವುದು ನಿಜ ಯಾವುದು ಕಲ್ಪನೆ ಎಂದು ಕೊನೆಯಲ್ಲಿ ಬರೆಯುವ ಟಿಪ್ಪಣಿಗೆ 3 ಕೊಡಿ. ಈ ಟಿಪ್ಪಣಿಯಿದ್ದರೆ ತಪ್ಪು ಕಲಿತುಬಿಡುತ್ತಾರೆಂಬ ನಿಮ್ಮ ಆತಂಕಕ್ಕೂ ಪರಿಹಾರವಾಗುತ್ತದೆ.

ಹೀಗೆ ಒಂದು ಸುತ್ತು ನಡೆಸಿ ಲೇಖನವನ್ನು ಮತ್ತೆ ಬರೆದು ಕಳಿಸಿ. ಪ್ರತಿ ಕಥೆಯ ಮೊದಲ ಕರಡು, ತಿದ್ದಿದ ಕರಡು ಎರಡೂ ಇರಲಿ, ತಿದ್ದುಪಡಿ ಮಕ್ಕಳ ಕೈಬರಹದಲ್ಲೇ ಇರಲಿ. ನೀಲಿ ಆಕಾಶದ ಕಥೆಯನ್ನು ಮಾತ್ರ ಲೇಖನಕ್ಕೆ ಕಾಯದೆ ಬೇರೆಯಾಗಿಯೇ ಕಳಿಸಿಕೊಡಿ.

— ಸಂಪಾದಕ