ಮೊದಲು ಹಾಡು, ಆಮೇಲೆ ಉಡುಪು

ಮೈಸೂರಿನ ಓದುಗರೊಬ್ಬರ ಪತ್ರ: "ಎರಡು ವರ್ಷದಿಂದ ಬೆಲ್ಲಿ ಡ್ಯಾನ್ಸ್ ಕಲಿಯುತ್ತಿದ್ದೇನೆ. ಮುಂದಿನ ತಿಂಗಳು ಮೊದಲ ಪ್ರದರ್ಶನ. ಸಯೀದಿ ತಾಳದ ಹಾಡು, ಐದು ನಿಮಿಷ. ಮಣಿ ಕೆಲಸದ ಎರಡು ತುಂಡಿನ ಉಡುಪು, ನಾಣ್ಯದ ಪಟ್ಟಿ, ಮಿನುಗುವ ಬಟ್ಟೆಯ ರೆಕ್ಕೆ, ಬೆರಳ ತಾಳ ಎಲ್ಲವನ್ನೂ ತರಿಸಬೇಕೆಂದಿದ್ದೇನೆ. ಅತ್ತೆಯವರು ಚೆನ್ನಾಗಿ ಹೊಲಿಯುತ್ತಾರೆ, ಆದರೆ ಹೊಟ್ಟೆ ಕಾಣುವ ಉಡುಪು ಬೇಡವೆನ್ನುತ್ತಾರೆ. ಏನು ಮಾಡಲಿ?"

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು "ಸಯೀದಿ" ಎಂಬ ಒಂದು ಪದ. ತಾಳದ ಹೆಸರು ಹೇಳಿ ಉಡುಪು ಕೇಳುವವರು ಅಪರೂಪ. ಆ ಪದ ಬರೆದ ಕೈಯೇ ಮರುಸಾಲಿನಲ್ಲಿ ರೆಕ್ಕೆ ಬೇಡಿತಲ್ಲ ಎಂದು ಬೇಸರವೂ ಆಯಿತು.

ಸಯೀದ್ ಎಂದರೆ ಈಜಿಪ್ಟಿನ ದಕ್ಷಿಣದ ನೈಲ್ ಕಣಿವೆ. ತಹತೀಬ್ ಎಂಬ ಕೋಲುವರಸೆಯ ನಾಡು ಅದು. 2016ರಲ್ಲಿ ಆ ಆಟ ಯುನೆಸ್ಕೊ ಪಟ್ಟಿಗೆ ಸೇರಿತು. 1834ರಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ ಪಾಷಾ ಕೈರೋದ ನರ್ತಕಿಯರನ್ನು ಊರು ಬಿಡಿಸಿ ಅಟ್ಟಿದ್ದೂ ಇದೇ ದಿಕ್ಕಿಗೆ, ಎಸ್ನಾ, ಕೆನಾ, ಅಸ್ವಾನಿನ ಕಡೆಗೆ. ಇಂಥ ನೆಲದ ತಾಳಕ್ಕೆ ಒಪ್ಪುವುದು ಗಲಾಬಿಯಾ: ಹೆಗಲಿನಿಂದ ಪಾದದ ಗಂಟಿನವರೆಗೆ ಇಳಿಯುವ ನಿಲುವಂಗಿ, ಸೊಂಟಕ್ಕೆ ಬಿಗಿದ ವಸ್ತ್ರ, ತಲೆಗೊಂದು ವಸ್ತ್ರ, ಕೈಯಲ್ಲಿ ತೆಳ್ಳನೆಯ ಕೋಲು. ನಿಮ್ಮ ಐದು ನಿಮಿಷಕ್ಕೆ ಇಷ್ಟು ಧಾರಾಳ ಸಾಕು. ಫಿಫಿ ಅಬ್ದು ಅವರಂಥ ದೊಡ್ಡ ನರ್ತಕಿ ಸಾದಾ ಗಲಾಬಿಯಾ ತೊಟ್ಟೂ ಕುಣಿದು ಮನೆಮಾತಾದರು.

ಎರಡು ತುಂಡಿನ ಉಡುಪನ್ನು, ಅಲ್ಲಿನವರ ಬದ್ಲಾವನ್ನು, ನಾನು ಹಳಿಯುತ್ತಿಲ್ಲ. ನರ್ತಕಿ ಬದಿಯಾ ಮಸಬ್ನಿ 1926ರಲ್ಲಿ ಕೈರೋದಲ್ಲಿ ತೆರೆದ ರಂಗಶಾಲೆಯ ಕಾಲದಲ್ಲಿ ಅದು ಬೆಳೆಯಿತು. ಹೆಸರಾಂತ ನರ್ತಕಿಯರಾದ ಸಾಮಿಯಾ ಗಮಾಲ್, ತಹಿಯಾ ಕರಿಯೋಕಾ ಪಳಗಿದ್ದೂ ಅಲ್ಲೇ. ಪಿಟೀಲುಗಳ ದೊಡ್ಡ ಮೇಳದ ಹಾಡಿಗೆ ಅದೇ ಚೆಂದ. ಅಂಥ ಹಾಡು ಆರಿಸಿದ ದಿನ ಅದನ್ನೇ ತೊಡಿ.

ತಹಿಯಾರ ಕುಣಿತವನ್ನು ಹುಡುಗನಾಗಿದ್ದಾಗ ಕಂಡ ವಿಮರ್ಶಕ ಎಡ್ವರ್ಡ್ ಸಯೀದ್, ನರ್ತಕಿ ಎಷ್ಟು ಕಡಿಮೆ ಅಲುಗುತ್ತಾಳೆ ಎಂಬುದರಲ್ಲೇ ಈ ಕಲೆಯ ಸತ್ವವಿದೆ ಎಂಬರ್ಥದಲ್ಲಿ ಬರೆದಿದ್ದಾರೆ. ಇದನ್ನು ಓದಿದಂದಿನಿಂದ ನನ್ನ ನೋಟವೇ ಬದಲಾಯಿತು. ಅಲುಗಾಟ ಅಷ್ಟು ಸಣ್ಣದಾದರೆ, ಅದನ್ನು ಕೊನೆಯ ಸಾಲಿನವರಿಗೂ ಮುಟ್ಟಿಸುವುದೇ ಉಡುಪಿನ ಕೆಲಸ. ಸೊಂಟದ ವಸ್ತ್ರದ ಅಂಚಿಗೆ ಗೇಣುದ್ದದ ಮಣಿಯ ಕುಚ್ಚು ಇಳಿಬಿಡುವುದು ಅದಕ್ಕೇ. ಸೊಂಟ ಬೆರಳಗಲ ಅಲುಗಿದರೆ ಕುಚ್ಚಿನ ತುದಿ ಅಂಗೈಯಗಲ ಓಡುತ್ತದೆ. ರೆಕ್ಕೆಯಾದರೋ ಹಳೆಯ ಕೈರೋ ಕಾಣದ ವಸ್ತು. ಬಿಚ್ಚಿದರೆ ನಿಮ್ಮ ಎರಡು ವರ್ಷದ ಕಲಿಕೆಯನ್ನೇ ಮುಚ್ಚಿಬಿಡುತ್ತದೆ.

ನಾಣ್ಯದ ಪಟ್ಟಿಯ ಗತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಂಗಳೂರಿನ ಸಣ್ಣ ಸಭಾಂಗಣವೊಂದರಲ್ಲಿ ಒಬ್ಬ ಹುಡುಗಿ ದರ್ಬೂಕ ಎಂಬ ಕೈವಾದ್ಯದ ತನಿಗೆ ಸೊಗಸಾಗಿ ಕುಣಿಯುತ್ತಿದ್ದಳು. ತಗಡಿನ ಬಿಲ್ಲೆಗಳ ಗಲಾಟೆಯಲ್ಲಿ ದರ್ಬೂಕದ ಸಣ್ಣ ಪೆಟ್ಟು ಒಂದೂ ಕೇಳಿಸಲಿಲ್ಲ. ನಡುವೆ ಪಟ್ಟಿಯ ಕೊಕ್ಕೆ ಕಿತ್ತುಬಂತು. ಉಳಿದರ್ಧ ಹಾಡನ್ನು ಆಕೆ ಒಂದು ಕೈಯನ್ನು ಸೊಂಟಕ್ಕೆ ಒತ್ತಿಕೊಂಡೇ ಮುಗಿಸಿದಳು. ಆದ್ದರಿಂದ ವಸ್ತ್ರವನ್ನು ಸೊಂಟದ ಮೂಳೆಗಿಂತ ಕೆಳಗೆ ಕಟ್ಟಿ, ಗಂಟಿನ ಒಳಗೆ ಎರಡು ಪಿನ್ನು ಚುಚ್ಚಿ. ಅದೇ ಉಡುಪಿನಲ್ಲಿ ಇಡೀ ಹಾಡನ್ನು ಮನೆಯಲ್ಲಿ ಮೂರು ಸಲವಾದರೂ ಕುಣಿಯಿರಿ.

ಬೆರಳ ತಾಳ, ಅಲ್ಲಿನವರ ಸಗಾತ್, ಒಡವೆಯಲ್ಲ, ವಾದ್ಯ. ಕಂಸಾಳೆಯವರನ್ನು ನೋಡಿ: ಮಾದೇಶ್ವರನ ಗುಡ್ಡನ ಕೈಯ ಕಂಚು ತಾಳ ತಪ್ಪಿ ಒಂದು ಸಲವೂ ನುಡಿಯುವುದಿಲ್ಲ. ಕೋಲನ್ನೂ ತಾಳವನ್ನೂ ಒಟ್ಟಿಗೆ ನಿಭಾಯಿಸುವುದು ಮೊದಲ ಪ್ರದರ್ಶನಕ್ಕೆ ಹೆಚ್ಚಾಯಿತು. ತಾಳವನ್ನು ಮುಂದಿನ ವರ್ಷಕ್ಕೆ ಇಡಿ.

ಗೆಳೆಯರೊಬ್ಬರ ಮನೆಯಲ್ಲಿ ಸಯೀದ್ ಸೀಮೆಯ ಅಸ್ಯೂತ್ ಊರಿನ ಹೆಸರಿನ ಹಳೆಯ ಶಾಲೊಂದನ್ನು ಕೈಯಲ್ಲಿ ಹಿಡಿದಿದ್ದೆ. ಕಪ್ಪು ಹತ್ತಿಯ ಬಲೆ, ಅದರ ಕಣ್ಣುಕಣ್ಣಿನಲ್ಲಿ ಚಪ್ಪಟೆ ಲೋಹದ ತಂತಿ ಮಡಿಸಿ ಒತ್ತಿದ ಚುಕ್ಕೆಗಳು. ಲಖನೌದ ಮುಕೈಶ್ ಕಸೂತಿಯ ದಾಯಾದಿಯಂತೆ ಕಾಣುತ್ತಿತ್ತು. ಎತ್ತಿದರೆ ಒದ್ದೆ ಕಂಬಳಿಯ ಭಾರ, ಕೆನ್ನೆಗೆ ತಾಗಿದರೆ ತಣ್ಣಗೆ. ಸೊಂಟಕ್ಕೆ ಸುತ್ತಿದರೆ ಅದು ಹಾರಾಡುವುದಿಲ್ಲ, ತೂಗುತ್ತದೆ. ಕುಣಿತಕ್ಕೆ ಬೇಕಾದದ್ದು ಆ ತೂಕ.

ತೂಕವೇ ಎಲ್ಲೆಡೆಯಿಂದ ಕಳೆದುಹೋಗುತ್ತಿದೆ ಎಂಬುದು ನನ್ನ ಬಹುದಿನದ ಸಂಕಟ. ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ಕೋಲಾಟಕ್ಕೂ ಸುಗ್ಗಿ ಕುಣಿತಕ್ಕೂ ಲಂಬಾಣಿ ನೃತ್ಯಕ್ಕೂ ಬಾಡಿಗೆ ಅಂಗಡಿಯ ಒಂದೇ ಲಂಗ ಬರುತ್ತದೆ, ಪ್ಲಾಸ್ಟಿಕ್ ಕನ್ನಡಿ ಅಂಟಿಸಿಕೊಂಡು. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆ, ನಾಣ್ಯ ಸೇರಿಸಿ ಕೈಯಲ್ಲಿ ಹೊಲಿಯುವ ಬಟ್ಟೆಯನ್ನು ಒಮ್ಮೆ ಎತ್ತಿ ನೋಡಿದ ಮಗು ಆ ಹೆಜ್ಜೆಯನ್ನೇ ಬೇರೆ ರೀತಿ ಇಡುತ್ತದೆ. ನಮ್ಮ ಮಕ್ಕಳಿಗೆ ಆ ಭಾಗ್ಯವನ್ನೂ ನಾವು ಕೊಡುತ್ತಿಲ್ಲ. ಕೇಳಿದರೆ "ಹತ್ತು ನಿಮಿಷದ ಕಾರ್ಯಕ್ರಮ, ಯಾರು ನೋಡುತ್ತಾರೆ" ಎಂಬ ಉತ್ತರ. ನೋಡುವವರಿದ್ದಾರೆ, ಸ್ವಾಮಿ.

ಅತ್ತೆಯವರ ಮಾತಿಗೆ ಬರುತ್ತೇನೆ. ಹೊಟ್ಟೆಯ ಮೇಲೆ ತೆಳು ಬಲೆಯಾದರೂ ಇರಬೇಕೆಂಬ ನಿಯಮಕ್ಕೆ ಈಜಿಪ್ಟಿನ ನರ್ತಕಿಯರೇ ಒಳಪಟ್ಟವರು. ಅತ್ತೆಯವರು ತಡೆದರೆಂದು ಮುನಿಸಿಕೊಳ್ಳಬೇಡಿ. ಹಾಡನ್ನು ಅವರಿಗೆ ಕೇಳಿಸಿ, ಗಲಾಬಿಯಾದ ಚಿತ್ರ ತೋರಿಸಿ, ಹೊಲಿಗೆ ಯಂತ್ರದ ಮುಂದೆ ಕೂರಿಸಿ. ಜಾರುವ ಸ್ಯಾಟಿನ್ ಬೇಡ, ಕೊಂಚ ಭಾರದ ಬಟ್ಟೆ ತನ್ನಿ. ಪಕ್ಕದಲ್ಲಿ ಮಂಡಿಯವರೆಗೆ ಸೀಳು ಇರಲಿ, ಇಲ್ಲವಾದರೆ ಹೆಜ್ಜೆ ಕಟ್ಟಿಹಾಕಿದಂತಾಗುತ್ತದೆ. ಅವರು ಅಂಚಿನ ಅಳತೆ ತೆಗೆಯುವಾಗ ಸೊಂಟದ ವಸ್ತ್ರ ಕಟ್ಟಿಕೊಂಡು, ಮಂಡಿ ತುಸು ಬಗ್ಗಿಸಿ ನಿಲ್ಲಿ. ನೆಟ್ಟಗೆ ನಿಂತು ಅಳತೆ ಕೊಟ್ಟರೆ ಕುಣಿಯುವಾಗ ಅಂಚು ಕಾಲಿಗೆ ತೊಡರುತ್ತದೆ.