ಒಂದೇ ರಚನೆ, ಹಲವು ಪಾಠ

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಸಂಗೀತ ರಚನಕಾರ ಜಾನ್ ಡೌಲ್ಯಾಂಡ್‌ನ ಒಂದೇ ಗ್ಯಾಲಿಯಾರ್ಡನ್ನು (ಒಂದು ಬಗೆಯ ನೃತ್ಯರಚನೆ) ಇಬ್ಬರು ಲ್ಯೂಟ್ (ತಂತಿ ಮೀಟಿ ನುಡಿಸುವ ವಾದ್ಯ) ವಾದಕರು ನುಡಿಸಿರುವ ಧ್ವನಿಮುದ್ರಣಗಳನ್ನು ಕೇಳಿದೆ. ಲಯದಲ್ಲಷ್ಟೇ ಅಲ್ಲ, ಸ್ವರಗಳಲ್ಲಿಯೂ ವ್ಯತ್ಯಾಸವಿದೆ. ಮೂಲ ಹಸ್ತಪ್ರತಿ ಇರುವಾಗ ಹೀಗೇಕೆ?

ಉತ್ತರ: ಮೂಲ ಹಸ್ತಪ್ರತಿಯೊಂದು ಇದೆಯೆಂಬ ನಿಮ್ಮ ಊಹೆಯಲ್ಲೇ ತೊಡಕಿದೆ. ತನ್ನ ರಚನೆಗಳು ತನಗೆ ತಿಳಿಯದಂತೆ ತಪ್ಪುತಪ್ಪಾಗಿ ಅಚ್ಚಾಗಿವೆಯೆಂದು 1597ರಲ್ಲಿ ದೂರಿದ ಡೌಲ್ಯಾಂಡ್ (1563–1626), ಆಯ್ದವುಗಳನ್ನು ತಾನೇ ಪ್ರಕಟಿಸುವೆನೆಂದು ಹೇಳಿದ್ದರೂ, ಒಂಟಿ ಲ್ಯೂಟಿಗಾಗಿ ತನ್ನದೇ ಸಂಪುಟವನ್ನು ಕೊನೆಗೂ ಹೊರತರಲಿಲ್ಲ. ಹೀಗಾಗಿ ನಮಗೆ ದಕ್ಕಿರುವುದು ಬಹುಪಾಲು ಇತರರು ತಮಗಾಗಿ ಮಾಡಿಕೊಂಡ ಪ್ರತಿಗಳು. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚಿನಲ್ಲೂ ಅನಂತರ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲೂ ಸೇವೆಯಲ್ಲಿದ್ದ ಮ್ಯಾಥ್ಯೂ ಹೋಮ್ಸ್ ಬರೆದಿಟ್ಟ ಪುಸ್ತಕಗಳು ಇವುಗಳಲ್ಲಿ ಮುಖ್ಯವಾದವು; ಅವು ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಇನ್ನು ಲಿಪಿಯ ವಿಷಯ. ಲ್ಯೂಟ್ ಸಂಗೀತವನ್ನು ಬರೆಯುವ ಟ್ಯಾಬ್ಲೇಚರ್ ಎಂಬ ಲಿಪಿ ಸ್ವರದ ಹೆಸರನ್ನು ಹೇಳುವುದಿಲ್ಲ, ಬೆರಳಿನ ಜಾಗವನ್ನು ಹೇಳುತ್ತದೆ. ಇಂಗ್ಲೆಂಡಿನ ಪ್ರತಿಗಳಲ್ಲಿ ಆರು ಗೆರೆಗಳೆಂದರೆ ಆರು ತಂತಿಸಾಲುಗಳು. ಗೆರೆಯ ಮೇಲೆ ‘ಎ’ ಅಕ್ಷರವಿದ್ದರೆ ತಂತಿಯನ್ನು ಒತ್ತದೆ ಮೀಟಬೇಕು, ‘ಬಿ’ ಇದ್ದರೆ ಮೊದಲ ಮೆಟ್ಟಿಲಿನಲ್ಲಿ (ಫ್ರೆಟ್) ಒತ್ತಬೇಕು. ಮೇಲಿರುವ ಕಾಲಚಿಹ್ನೆಯಾದರೋ ಮುಂದಿನ ಮೀಟು ಯಾವಾಗ ಎಂಬುದನ್ನಷ್ಟೇ ಸೂಚಿಸುತ್ತದೆಯೇ ಹೊರತು, ಈಗ ಮೀಟಿದ ಮಂದ್ರಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನಲ್ಲ; ಅದನ್ನು ವಾದಕನೇ ನಿರ್ಧರಿಸಬೇಕು. ಇಟಲಿಯ ಲ್ಯೂಟ್ ವಾದಕ ವಿನ್ಚೆನ್ಸೊ ಕಾಪಿರೋಲನ ಪಾಠಗಳನ್ನು ಸುಮಾರು 1517ರಲ್ಲಿ ಬರೆದುಕೊಂಡ ಶಿಷ್ಯನು, ಬೇರೆ ಸ್ವರ ಬಂದು ಬೆರಳನ್ನು ಎತ್ತಿಸುವವರೆಗೂ ಒತ್ತಿದ್ದನ್ನು ಬಿಡಬಾರದೆಂಬುದೇ ವಾದನದ ಗುಟ್ಟೆಂದು ಮುನ್ನುಡಿಯಲ್ಲಿ ತಿಳಿಸುತ್ತಾನೆ. (ಸಂಗೀತ ತಿಳಿಯದವರೂ ಅಂದಕ್ಕಾಗಿಯಾದರೂ ಕಾಪಾಡಲೆಂದು ಅವನು ಪುಟಗಳ ಅಂಚಿಗೆ ಪ್ರಾಣಿಗಳ ಚಿತ್ರ ಬರೆದ, ಯುಕ್ತಿ ಫಲಿಸಿತು, ಪುಸ್ತಕ ಶಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿ ಕ್ಷೇಮವಾಗಿದೆ.)

ನೀವು ಗುರುತಿಸಿದ ಸ್ವರಭೇದಕ್ಕೆ ನೇರ ಕಾರಣ ಪುನರಾವರ್ತನೆಯಲ್ಲಿರಬಹುದು. ಗ್ಯಾಲಿಯಾರ್ಡಿನಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿದ್ದು, ಪ್ರತಿ ಭಾಗವನ್ನೂ ಎರಡನೆಯ ಸಲ ನುಡಿಸುವಾಗ ದೀರ್ಘಸ್ವರಗಳನ್ನು ಒಡೆದು ವೇಗದ ಸಣ್ಣ ಸ್ವರಗಳಾಗಿ ವಿಸ್ತರಿಸುವ ರೂಢಿಯಿತ್ತು. ಒಬ್ಬ ಲಿಪಿಕಾರ ಈ ವಿಸ್ತಾರವನ್ನು ಪೂರ್ತಿಯಾಗಿ ಬರೆದರೆ, ಇನ್ನೊಬ್ಬ ಬಿಟ್ಟುಬಿಡುತ್ತಾನೆ. ಬಿಟ್ಟ ಕಡೆ ವಾದಕ ತನ್ನದನ್ನು ಹೊಸೆಯಬೇಕು. ಡೌಲ್ಯಾಂಡ್‌ನ ಲ್ಯೂಟ್ ಕೃತಿಗಳನ್ನೆಲ್ಲ ಧ್ವನಿಮುದ್ರಿಸಿರುವ ಪಾಲ್ ಒಡೆಟ್ ಮತ್ತು ಯಾಕೊಬ್ ಲಿಂಡ್‌ಬರ್ಗ್ ಅವರನ್ನು ಒಟ್ಟಿಗೆ ಕೇಳುವಾಗ ಮೊದಲ ಸುತ್ತನ್ನೂ ಎರಡನೆಯದನ್ನೂ ಬೇರೆಬೇರೆಯಾಗಿ ಹೋಲಿಸಿ. ಹೋಮ್ಸ್ ಪುಸ್ತಕಗಳ ಚಿತ್ರಗಳನ್ನು ಕೇಂಬ್ರಿಜ್ ಗ್ರಂಥಾಲಯವು ಅಂತರ್ಜಾಲದಲ್ಲಿ ಇರಿಸಿರುವುದರಿಂದ, ಅಕ್ಷರಗಳು ಒತ್ತೊತ್ತಾಗಿ ಕಾಣುವ ಸಾಲುಗಳ ಮೇಲೆ ಬೆರಳಿಟ್ಟುಕೊಂಡೇ ಆಲಿಸಬಹುದು.